ಬಂದರಿನ ಮರದ ಮಿಲ್ಲು ಮತ್ತು ಹಳೆ ಗರಗಸದ ಬೆಲೆ
1763ರಲ್ಲಿ ಹೈದರ್ ಅಲಿಯ ವಶವಾಗಿ ನೌಕಾ ನಿರ್ಮಾಣದ ನೆಲೆಯಾದ ಮಂಗಳೂರಿನಲ್ಲಿ ಮರಕ್ಕೆ ಹಡಗಿನಿಂದಷ್ಟೇ ಅಲ್ಲ, ಹೆಂಚಿನಿಂದಲೂ ಬೇಡಿಕೆ ಹುಟ್ಟಿತು. 1865ರಲ್ಲಿ ಬಾಸೆಲ್ ಮಿಷನ್ನಿನ ಕಾರ್ಖಾನೆ ಆರಂಭವಾದ ಬಳಿಕ ಹಬ್ಬಿದ ಹೆಂಚಿನ ಮಾಡಿಗೆ ಪಕ್ಕಾಸು, ಅಂದರೆ ಇಳಿಜಾರಾಗಿ ಕೂರುವ ಮರದ ತುಂಡುಗಳೂ, ಅವುಗಳ ಮೇಲೆ ಅಡ್ಡಲಾಗಿ ಹೊಡೆಯುವ ರೀಪುಗಳೂ ಒಂದೇ ಅಳತೆಯಲ್ಲಿ ಬೇಕಾಗಿದ್ದವು. ಆದ್ದರಿಂದ ಬಂದರ್ ಪ್ರದೇಶದಲ್ಲಿ ಬಳಸಿದ ಮಿಲ್ಲನ್ನು, ಅದರಲ್ಲೂ ಜಾಗದಿಂದ ಜಾಗಕ್ಕೆ ಸಾಗಿಸುವಂಥದನ್ನು ಕೊಳ್ಳುವವರಿಗೆ ಯಂತ್ರದ ಬಣ್ಣಕ್ಕಿಂತ ಅದು ಕೊಯ್ದ ಹಲಗೆಯೇ ನಂಬಿಕೆಯ ಸಾಕ್ಷಿ: ಎರಡು ತುದಿಗಳ ದಪ್ಪ ಬೇರೆಯಾದರೆ ಗರಗಸ ಸಾಗುವ ಹಳಿ ಬಾಗಿರಬಹುದು, ಮೈಯಲ್ಲಿ ಅಲೆ ಎದ್ದಿದ್ದರೆ ಚಕ್ರಗಳ ಮೇಲೆ ಓಡುವ ಪಟ್ಟಿ ಗರಗಸದ ಬಿಗಿ ತಪ್ಪಿರಬಹುದು ಅಥವಾ ಬೇರಿಂಗು ಸವೆದಿರಬಹುದು. 1996ರ ಡಿಸೆಂಬರ್ 12ರಂದು ಅರಣ್ಯ ಸಂರಕ್ಷಣೆಯ ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅರಣ್ಯಗಳೊಳಗೆ ಪೂರ್ವಾನುಮತಿಯಿಲ್ಲದೆ ನಡೆಯುವ ಮರದ ಮಿಲ್ಲುಗಳನ್ನು ತಡೆದ ಮೇಲೆ ನಿಯಮಗಳು ದೇಶದಾದ್ಯಂತ ಬಿಗಿಯಾಗಿ, ಅರಣ್ಯ ಇಲಾಖೆಯ ಪರವಾನಗಿಯನ್ನು ಮೊದಲು, ಗರಗಸವನ್ನು ಆಮೇಲೆ ನೋಡುವುದೇ ವಿವೇಕವೆನಿಸಿತು.