ಪಟಿಕವನ್ನು ಮರಳಿ ಪಡೆಯುವ ಪ್ರಯತ್ನಗಳು

ಕದಡಿದ ನೀರನ್ನು ಪಟಿಕ ಹಾಕಿ ತಿಳಿಗೊಳಿಸುವುದು ಎಲ್ಲರಿಗೂ ಗೊತ್ತು. ಜೇಡಿಯ ಕಲಿಲ ಕಣಗಳು ಋಣ ಆವೇಶದಿಂದಾಗಿ ಒಂದನ್ನೊಂದು ವಿಕರ್ಷಿಸುತ್ತ ನೀರಿನಲ್ಲೇ ಉಳಿಯುತ್ತವೆ. ಪಟಿಕದ ಅಲ್ಯೂಮಿನಿಯಂ ಅಯಾನುಗಳು ಈ ಆವೇಶವನ್ನು ತಟಸ್ಥಗೊಳಿಸುತ್ತವೆ. ಜೊತೆಗೆ ಉಂಟಾಗುವ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ಲೋಳೆ ಕಣಗಳನ್ನು ಸೆರೆಹಿಡಿದು ತಳ ಸೇರುತ್ತದೆ. ನೀರು ಶುದ್ಧೀಕರಣ ಸ್ಥಾವರಗಳಲ್ಲಿ ಇದಕ್ಕಾಗಿ ಅಲ್ಯೂಮಿನಿಯಂ ಸಲ್ಫೇಟನ್ನು ಬಳಸುತ್ತಾರೆ. ಅದರಲ್ಲಿನ ಅಲ್ಯೂಮಿನಿಯಂ ಬಹುಮಟ್ಟಿಗೆ ಕೆಸರಿನೊಡನೆ ಹೊರಬೀಳುತ್ತದೆ. ಅದನ್ನು ಮರಳಿ ಪಡೆಯಲಾಗದೆ?

ಈ ಪ್ರಶ್ನೆಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಅಮೆರಿಕದ ವಿಲಿಯಂ ಜ್ಯೂಯೆಲ್ 1903ರಲ್ಲಿ ಒಂದು ವಿಧಾನಕ್ಕೆ ಪೇಟೆಂಟ್ ಪಡೆದರು. ಕೆಸರಿಗೆ ಸಲ್ಫ್ಯೂರಿಕ್ ಆಮ್ಲ ಸೇರಿಸಿದರೆ ಹೈಡ್ರಾಕ್ಸೈಡ್ ಕರಗಿ ಮತ್ತೆ ಅಲ್ಯೂಮಿನಿಯಂ ಸಲ್ಫೇಟ್ ಆಗುತ್ತದೆ. ಇದು ಪ್ರೌಢಶಾಲೆಯ ಸರಳ ರಸಾಯನ ವಿಜ್ಞಾನ.

ತೊಡಕಿದ್ದುದು ಬೇರೆಡೆ. ಆಮ್ಲದಲ್ಲಿ ಅಲ್ಯೂಮಿನಿಯಂ ಮಾತ್ರವಲ್ಲ, ಕಬ್ಬಿಣ, ಮ್ಯಾಂಗನೀಸ್ ಹಾಗೂ ಕೊಳೆತ ಎಲೆಗಳಿಂದ ಬಂದ ಸಾವಯವ ವಸ್ತುಗಳೂ ಕರಗುತ್ತವೆ. ಸಾವಯವ ವಸ್ತುಗಳು ಕ್ಲೋರಿನ್‌ನೊಡನೆ ವರ್ತಿಸಿ ಕ್ಲೋರೋಫಾರಂನಂಥ ಟ್ರೈಹ್ಯಾಲೋಮೀಥೇನ್‌ಗಳನ್ನು ಉಂಟುಮಾಡುತ್ತವೆಂದು ಹಾಲೆಂಡಿನ ಯೋಹಾನೆಸ್ ರೂಕ್ 1974ರಲ್ಲಿ ತೋರಿಸಿದರು. ಒಮ್ಮೆ ತೆಗೆದ ಮಲಿನವನ್ನೇ ಕುಡಿಯುವ ನೀರಿಗೆ ಮರಳಿ ಸೇರಿಸಿದಂತಾಗಬಾರದಲ್ಲವೆ?

ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆಯ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. ನೀರಿನಲ್ಲಿ ಕರಗದ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಕಣಗಳನ್ನು ಅವರು ಆರಿಸಿಕೊಂಡರು. ಸ್ವಲ್ಪ ಆಮ್ಲೀಯ ನೀರಿನಲ್ಲಿ ಈ ಕಣಗಳ ಮೇಲ್ಮೈ ಧನ ಆವೇಶ ತಳೆದು ಮಲಿನವನ್ನು ಸೆಳೆಯುತ್ತದೆ. ಕಾಂತಕ್ಷೇತ್ರದಲ್ಲಿ ಹಾಯಿಸಿದಾಗ ಕಣಗಳು ಒಂದಕ್ಕೊಂದು ಅಂಟಿ ಬೇಗನೆ ತಳಕ್ಕಿಳಿಯುತ್ತವೆ. ಬಳಿಕ ಕಾಸ್ಟಿಕ್ ಸೋಡ ದ್ರಾವಣದಲ್ಲಿ ತೊಳೆದರೆ ಮೇಲ್ಮೈ ಋಣ ಆವೇಶಕ್ಕೆ ತಿರುಗಿ ಮಲಿನವನ್ನು ಬಿಟ್ಟುಕೊಡುತ್ತದೆ. ಕಣಗಳು ಮತ್ತೆ ಕೆಲಸಕ್ಕೆ ಸಿದ್ಧ! ಸಿರೋಫ್ಲಾಕ್ ಎಂಬ ಈ ವಿಧಾನ 1980ರ ದಶಕದಲ್ಲಿ ಪರ್ತ್ ನಗರದ ಮಿರಬೂಕಾದಲ್ಲಿ ಅಂತರ್ಜಲದ ಶುದ್ಧೀಕರಣಕ್ಕೆ ಬಳಕೆಯಾಯಿತು.

ಪಟಿಕದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು. ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಪ್ರಖರ್ ಪ್ರಕಾಶ್ ಮತ್ತು ಅರೂಪ್ ಸೇನ್‌ಗುಪ್ತ 2003ರಲ್ಲಿ ಅದಕ್ಕೊಂದು ಉತ್ತರ ಪ್ರಕಟಿಸಿದರು. ಅವರು ಕೆಸರು ಮತ್ತು ಆಮ್ಲದ ನಡುವೆ ಧನ ಅಯಾನುಗಳನ್ನಷ್ಟೇ ಬಿಡುವ ಪೊರೆಯನ್ನಿಟ್ಟರು. ಹೈಡ್ರೊಜನ್ ಅಯಾನುಗಳು ಕೆಸರಿನತ್ತ ಸಾಗಿದಂತೆ ಅಲ್ಯೂಮಿನಿಯಂ ಅಯಾನುಗಳು ಆಮ್ಲದತ್ತ ಬರುತ್ತವೆ. ಋಣ ಆವೇಶದ ಸಾವಯವ ವಸ್ತುಗಳಿಗೆ ಪೊರೆ ದಾಟಲಾಗದು. ಇದರ ಹಿಂದಿರುವ ಸಮತೋಲದ ತತ್ತ್ವವನ್ನು ಫ್ರೆಡರಿಕ್ ಡೊನ್ನಾನ್ 1911ರಲ್ಲೇ ವಿವರಿಸಿದ್ದರು.

ಪಟಿಕವನ್ನು ಕರಗಿಸುವುದು 1903ರಲ್ಲೇ ಸಾಧ್ಯವಾಗಿತ್ತು. ಮಲಿನವನ್ನು ಹಿಂದೆ ಬಿಟ್ಟು ಅದನ್ನಷ್ಟೇ ಹೊರತೆಗೆಯುವ ದಾರಿ ಕಾಣಲು ಇನ್ನೂ ನೂರು ವರ್ಷ ಬೇಕಾಯಿತು.