ವಾಚನಮಾತ್ರ ಕಡತವ್ಯವಸ್ಥೆಯೂ ಪ್ಯಾಕೇಜುಗಳ ದಾಸ್ತಾನೂ

ಗಣಕಯಂತ್ರದ ಚರಿತ್ರೆಯನ್ನು ಬರೆಯುವವರು ಯಂತ್ರಗಳ ವೇಗವನ್ನು ವಿಸ್ತಾರವಾಗಿ ವರ್ಣಿಸುವರು. ಯಾವ ಕಡತವನ್ನು ಎಲ್ಲಿರಿಸಬೇಕೆಂಬ ವಿಚಾರವನ್ನು ಅಲಕ್ಷಿಸುವುದೇ ರೂಢಿ. ಆದರೆ ಓದಲು ಮಾತ್ರ ತೆರೆದಿರುವ ಕಡತವ್ಯವಸ್ಥೆಯಲ್ಲಿ ತಂತ್ರಾಂಶದ ಪ್ಯಾಕೇಜುಗಳನ್ನು ಹೇಗೆ ಶೇಖರಿಸಬೇಕೆಂಬ ಪ್ರಶ್ನೆಯ ಮೂಲವಿರುವುದು ಈ ಸ್ಥಳನಿರ್ಣಯದಲ್ಲಿಯೇ.

1970ರ ದಶಕದ ಆರಂಭದಲ್ಲಿ, ಬೆಲ್ ಪ್ರಯೋಗಾಲಯದ ಯುನಿಕ್ಸ್ ವ್ಯವಸ್ಥೆಯಲ್ಲಿ ‘ಯೂಸರ್’ ಎಂಬ ಕಡತಕೋಶವು, ಹೆಸರೇ ಸೂಚಿಸುವಂತೆ, ಬಳಕೆದಾರರ ನಿವಾಸವಾಗಿತ್ತು. ಮೊದಲ ಡಿಸ್ಕಿನಲ್ಲಿ ಸ್ಥಳ ಸಾಲದೆ ವ್ಯವಸ್ಥೆಯ ಪ್ರೋಗ್ರಾಮುಗಳೂ ಅಲ್ಲಿಗೆ ಹರಿದುಬಂದವು. ಕಾಲಕ್ರಮದಲ್ಲಿ ಬಳಕೆದಾರರು ಹೊರನಡೆದರು. ಹೆಸರು ಮಾತ್ರ ಉಳಿಯಿತು. 1980ರ ದಶಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ಸ್ವಂತ ಡಿಸ್ಕಿಲ್ಲದ ಗಣಕಗಳನ್ನು ಜಾಲದ ಮೂಲಕ ಒಂದೇ ‘ಯೂಸರ್’ ಕೋಶಕ್ಕೆ ಜೋಡಿಸಿದಾಗ ತೊಡಕು ತಲೆದೋರಿತು. ಹಲವರು ಹಂಚಿಕೊಂಡುದನ್ನು ಒಬ್ಬರು ತಿದ್ದಲಾಗದು. ಆದರೆ ದಿನಚರಿಯ ದಾಖಲೆಗಳೂ ಮುದ್ರಣದ ಸರದಿಯೂ ಅಲ್ಲಿಯೇ ಇದ್ದವು. 1988ರ ಸನ್‌ಓಎಸ್ 4.0 ಆವೃತ್ತಿಯು ಮಾರ್ಪಡುವ ಕಡತಗಳನ್ನು ‘ವ್ಯಾರ್’ ಎಂಬ ಬೇರೆ ಕೋಶಕ್ಕೆ ಸಾಗಿಸಿತು.

ಲಿನಕ್ಸಿನವರು 1994ರಲ್ಲಿ ಪ್ರಕಟಿಸಿದ ಕಡತಸಂವಿಧಾನದಿಂದ ಬೆಳೆದ ನಿಯಮಾವಳಿಯ 2.3ನೆಯ ಆವೃತ್ತಿ (2004) ಇನ್ನೂ ಸೂಕ್ಷ್ಮವಾದ ಭೇದವನ್ನು ಎಣಿಸುತ್ತದೆ. ‘ವ್ಯಾರ್’ನೊಳಗಣ ‘ಕ್ಯಾಶ್’ ಕೋಶದಲ್ಲಿರುವುದನ್ನು ಯಾವಾಗ ಅಳಿಸಿದರೂ ತಂತ್ರಾಂಶವು ಚೇತರಿಸಿಕೊಳ್ಳಬೇಕು. ‘ಲಿಬ್’ ಕೋಶದಲ್ಲಿರುವುದು ವ್ಯವಸ್ಥೆಯ ನೆನಪು. ಡೆಬಿಯನ್ನಿನಲ್ಲಿ ಏಪಿಟಿ ತರಿಸಿಕೊಂಡ ಪ್ಯಾಕೇಜುಗಳು ಮೊದಲನೆಯದರಲ್ಲಿ ತಂಗುತ್ತವೆ. ಏನೇನು ಸ್ಥಾಪಿತವಾಗಿದೆಯೆಂಬ ಡಿಪಿಕೆಜಿ ಪಟ್ಟಿ ಎರಡನೆಯದರಲ್ಲಿದೆ. ಡಿಸ್ಕು ತುಂಬಿತೆಂಬ ಗಾಬರಿಯಲ್ಲಿ ಎರಡನೆಯದನ್ನು ಗುಡಿಸಿದವನಿಗೆ ಈ ಭೇದದ ಬೆಲೆ ತಿಳಿದೀತು! ‘ಯೂಸರ್’ ಕೋಶವನ್ನು ವಾಚನಮಾತ್ರವಾಗಿಟ್ಟ ನಿರ್ವಾಹಕರು, ಸ್ಥಾಪನೆಗೆ ಮುನ್ನ ಅದನ್ನು ಬರಹಕ್ಕೆ ತೆರೆದು ಅನಂತರ ಮುಚ್ಚುವಂತೆ ಏಪಿಟಿಗೆ ಆಜ್ಞೆಗಳನ್ನು ಬರೆದಿಡುತ್ತಿದ್ದರು. ಇದು ಉಪಾಯವೇ ಹೊರತು ಪರಿಹಾರವಲ್ಲವೆಂದು ನನ್ನ ಅಭಿಪ್ರಾಯ.

ನಿಯಮದ ನಿಜವಾದ ದೋಷ ಹೊರಬಿದ್ದುದು ಓಎಸ್‌ಟ್ರೀಯಂಥ ವಿಧಾನಗಳು ಬಂದ ಮೇಲೆ. ಇವುಗಳಲ್ಲಿ ‘ಯೂಸರ್’ ಕೋಶದ ಹೊಸ ಪ್ರತಿಯನ್ನು ಪಕ್ಕದಲ್ಲಿ ಸಿದ್ಧಪಡಿಸಿ, ಯಂತ್ರವನ್ನು ಮರಳಿ ಆರಂಭಿಸುವಾಗ ಅದಕ್ಕೆ ಬದಲಾಯಿಸುವರು. ಕೆಟ್ಟರೆ ಹಳೆಯದಕ್ಕೆ ಹಿಂದಿರುಗುವರು. ಆದರೆ ‘ವ್ಯಾರ್’ ಹಿಂದಿರುಗದು. ಪ್ಯಾಕೇಜುಗಳ ಪಟ್ಟಿ ಅಲ್ಲಿಯೇ ಇದ್ದರೆ, ಪಟ್ಟಿ ಹೇಳುವುದು ಒಂದು, ಡಿಸ್ಕಿನಲ್ಲಿರುವುದು ಇನ್ನೊಂದು. ಪಟ್ಟಿಯು ಯಾವ ವಸ್ತುವಿನ ವಿವರಣೆಯೋ ಅದರೊಡನೆಯೇ ಇರತಕ್ಕದ್ದು. ಫೆಡೋರಾ 36ನೆಯ ಆವೃತ್ತಿಯು (2022) ಆರ್‌ಪಿಎಂ ಪಟ್ಟಿಯನ್ನು ‘ವ್ಯಾರ್’ನಿಂದ ‘ಯೂಸರ್’ ಕೋಶದೊಳಕ್ಕೆ ವರ್ಗಾಯಿಸಿತು. ತರಿಸಿಕೊಂಡ ಪ್ಯಾಕೇಜುಗಳ ದಾಸ್ತಾನು ಮಾತ್ರ ಮೊದಲಿನಂತೆ ‘ವ್ಯಾರ್’ನಲ್ಲಿಯೇ ಉಳಿಯಿತು.