ನಾಮಪತ್ರದಲ್ಲಿ ಧರ್ಮ: ಸಿಂಧನೂರು, ಲಿಂಗಸುಗೂರು, ಮಸ್ಕಿ

ಧರ್ಮ ಮತ್ತು ರಾಜಕಾರಣದ ನಂಟನ್ನು ಅಳೆಯುವಾಗ ನಮ್ಮ ಗಮನ ಭಾಷಣ, ಮೆರವಣಿಗೆ, ಮಠಾಧೀಶರ ಹೇಳಿಕೆಗಳ ಕಡೆಗೇ ಹರಿಯುತ್ತದೆ. ಇವೆಲ್ಲಕ್ಕಿಂತ ಮೊದಲೇ, ತಹಶೀಲ್ದಾರ್ ಕಚೇರಿಯ ಜಾತಿ ಪ್ರಮಾಣಪತ್ರದಲ್ಲಿಯೇ ಧರ್ಮ ರಾಜಕಾರಣದೊಳಕ್ಕೆ ಬಂದಿರುತ್ತದೆ ಎಂಬುದು ಈ ಲೇಖನದ ವಾದ. ರಾಯಚೂರು ಜಿಲ್ಲೆಯ ಮೂರು ವಿಧಾನಸಭಾ ಕ್ಷೇತ್ರಗಳನ್ನು ಇದಕ್ಕಾಗಿ ನೋಡಬೇಕು. 2008ರ ಮರುವಿಂಗಡಣೆಯಲ್ಲಿ ಲಿಂಗಸುಗೂರು ಪರಿಶಿಷ್ಟ ಜಾತಿಗೆ, ಹೊಸ ಕ್ಷೇತ್ರವಾದ ಮಸ್ಕಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಸಿಂಧನೂರು ಸಾಮಾನ್ಯ ಕ್ಷೇತ್ರ.

ಅಮೆರಿಕದ ಹೋಲಿಕೆ ಇಲ್ಲಿ ಉಪಯುಕ್ತ. 1787ರಲ್ಲಿ ರೂಪುಗೊಂಡ ಅಲ್ಲಿನ ಸಂವಿಧಾನದ 6ನೇ ವಿಧಿ, ಹುದ್ದೆಗೆ ಧರ್ಮದ ಪರೀಕ್ಷೆ ಕೂಡದು ಎಂದಿತು. ಆದರೂ 1960ರಲ್ಲಿ ಕ್ಯಾಥೊಲಿಕರಾದ ಜಾನ್ ಕೆನಡಿ, ಹ್ಯೂಸ್ಟನ್ನಿನಲ್ಲಿ ಪ್ರಾಟೆಸ್ಟಂಟ್ ಪಾದ್ರಿಗಳೆದುರು ತಮ್ಮ ನಿಷ್ಠೆ ಯಾರಿಗೆ ಎಂದು ವಿವರಿಸಬೇಕಾಯಿತು. ಅಲ್ಲಿ ಕಾನೂನು ಕೇಳದ ಪ್ರಶ್ನೆಯನ್ನು ಮತದಾರ ಕೇಳಿದ. ಲಿಂಗಸುಗೂರಿನಲ್ಲಿ ಅದನ್ನು ಕಾನೂನೇ ಕೇಳುತ್ತದೆ.

1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಮನ್ನಣೆಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಮುಸ್ಲಿಮರು, ಕ್ರೈಸ್ತರು ಇಂದಿಗೂ ಹೊರಗೇ. ಲಿಂಗಸುಗೂರು ಕ್ಷೇತ್ರದ ಮುದಗಲ್ಲಿನಲ್ಲಿ ಶತಮಾನಗಳಷ್ಟು ಹಳೆಯ ಕ್ಯಾಥೊಲಿಕ್ ನೆಲೆಯಿದೆ. ದಲಿತನೊಬ್ಬ ಕ್ರೈಸ್ತನಾದರೆ ಕೇರಿ ಬದಲಾಗುವುದಿಲ್ಲ, ಊರಿನವರ ನೋಟವೂ ಬದಲಾಗುವುದಿಲ್ಲ. ಮೀಸಲು ಕ್ಷೇತ್ರದಲ್ಲಿ ನಿಲ್ಲುವ ಹಕ್ಕು ಮಾತ್ರ ಹೋಗುತ್ತದೆ. ಇದನ್ನು ನಾನು ಅನ್ಯಾಯವೆಂದೇ ಪರಿಗಣಿಸುತ್ತೇನೆ. ಅದೇ ಮುದಗಲ್ಲಿನ ಮೊಹರಂನಲ್ಲಿ ಹಿಂದೂಗಳು ಹರಕೆ ಹೊತ್ತು ಫಕೀರರಾಗುತ್ತಾರೆ, ಅಲಾಯಿ ದೇವರಿಗೆ ನಡೆದುಕೊಳ್ಳುತ್ತಾರೆ. ಜನ ಬಾಳುವ ಧರ್ಮವನ್ನು ಅರ್ಜಿಯ ಒಂದು ಕಲಮಿನಲ್ಲಿ ಹಿಡಿದಿಡಲಾಗದು.

ಮಸ್ಕಿಯಲ್ಲಿ ನಿಯಮ ಬೇರೆ. ಪರಿಶಿಷ್ಟ ಪಂಗಡದ ಆದೇಶದಲ್ಲಿ ಧರ್ಮದ ಷರತ್ತಿಲ್ಲ; ನಾಯಕ ಸಮುದಾಯದವರು ಯಾವ ದೇವರಿಗೆ ಕೈಮುಗಿದರೂ ಅದು ಅಡ್ಡಿಯಲ್ಲ. 1915ರಲ್ಲಿ ಬೆಳಕಿಗೆ ಬಂದ ಇಲ್ಲಿನ ಶಾಸನ ಅಶೋಕನ ಹೆಸರನ್ನು ನೇರವಾಗಿ ಹೇಳುವುದಕ್ಕೆ ಪ್ರಸಿದ್ಧ. ಅದಕ್ಕಿಂತ ಮುಖ್ಯವಾದುದು ಅದರ ಆಶಯ: ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಶ್ರದ್ಧೆಯಿದ್ದರೆ ಸಣ್ಣವರಿಗೂ ದಕ್ಕುತ್ತದೆ. ಪ್ರಭುತ್ವ ಧರ್ಮದ ಮಾತಾಡುವುದು ಈ ನೆಲಕ್ಕೆ ಹೊಸದಲ್ಲ. ಆ ಮಾತು ಯಾರನ್ನು ಒಳಗೊಳ್ಳುತ್ತದೆ ಎಂಬುದೇ ಪರೀಕ್ಷೆ.

ಸಿಂಧನೂರಿನಲ್ಲಿ ಪ್ರಶ್ನೆ ಉಮೇದುವಾರಿಕೆಯಿಂದ ಪೌರತ್ವಕ್ಕೇ ಇಳಿಯುತ್ತದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ನಿರಾಶ್ರಿತರು ಇಲ್ಲಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆಸಿದ್ದಾರೆ, ಅವರಲ್ಲಿ ನಮಶೂದ್ರರು ಬಹಳ. 2019ರ ಪೌರತ್ವ ತಿದ್ದುಪಡಿ ಕಾಯ್ದೆ, 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮಗಳವರಿಗೆ ದಾರಿ ತೆರೆದು ಮುಸ್ಲಿಮರನ್ನು ಕೈಬಿಟ್ಟಿತು. 2024ರಲ್ಲಿ ನಿಯಮಗಳು ಬಂದ ಮೇಲೆ ಈ ಕ್ಯಾಂಪುಗಳ ಕೆಲವರಿಗೆ ಪೌರತ್ವದ ಪ್ರಮಾಣಪತ್ರ ಸಿಕ್ಕಿತು. ಹೀಗೆ ಧರ್ಮ ಅವರನ್ನು ಪ್ರಜೆಗಳನ್ನಾಗಿಸಿದೆ. ಆದರೆ ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯಾದ ನಮಶೂದ್ರ, ಕರ್ನಾಟಕದ ಪಟ್ಟಿಯಲ್ಲಿಲ್ಲ. ಪಕ್ಕದ ಲಿಂಗಸುಗೂರಿನಲ್ಲಿ ಅವರು ಹಿಂದೂಗಳಾಗಿದ್ದರೂ ನಾಮಪತ್ರ ಸಲ್ಲಿಸುವಂತಿಲ್ಲ.